ಕಾರಣ ಬರೆಯದ ಮೊದಲ ಸ್ಥಾನ

ವಡಪಳನಿಯಲ್ಲಿ ನಾನು ಕೆಲಸ ಮಾಡುವ ಕಚೇರಿಯಲ್ಲಿ ಪಟ್ಟಿ ಮಾಡುವುದೇ ಕಸುಬು. ಹತ್ತು ಒಳ್ಳೆಯ ಬಿರಿಯಾನಿ ಅಂಗಡಿ, ಹತ್ತು ದುಬಾರಿ ಮದುವೆ, ಮರೆಯಲಾಗದ ಹತ್ತು ಅಳುವ ದೃಶ್ಯ. ತಮಿಳು, ತೆಲುಗು, ಮಲಯಾಳಂ, ಕನ್ನಡ ಎಂದು ನಾಲ್ಕು ಭಾಷೆಗೆ ನಾಲ್ಕು ಮೇಜು. ಕನ್ನಡದ ಮೇಜು ಎಂದರೆ ನಾನೊಬ್ಬಳೇ. ಬರಹದ ಕೆಳಗೆ ‘ನಮ್ಮ ಕನ್ನಡ ತಂಡ’ ಎಂದು ಹಾಕುತ್ತಾರೆ. ಆ ತಂಡ ಬೆಳಿಗ್ಗೆ ತಾಂಬರಂನಲ್ಲಿ ಲೋಕಲ್ ಟ್ರೈನು ಹತ್ತಿ, ಕೋಡಂಬಾಕ್ಕಂನಲ್ಲಿ ಇಳಿದು, ಡಬ್ಬಿಯಲ್ಲಿ ತಂದ ಮೊಸರನ್ನ ತಿಂದು, ಸಂಜೆ ಮನೆಗೆ ಹೋಗಿ ಮಗಳಿಗೆ ಹೋಂವರ್ಕ್ ಮಾಡಿಸುತ್ತದೆ.

ಹೋದ ವರ್ಷ ಬೇಸಿಗೆಯಲ್ಲಿ ಸಂಪಾದಕರು ಟಿವಿಯಲ್ಲಿ ಬಂದ ಹತ್ತು ಅತಿ ‘ಬೋಲ್ಡ್’ ಜಾಹೀರಾತುಗಳ ಪಟ್ಟಿ ಬೇಕು ಎಂದರು. ಬೋಲ್ಡ್ ಅಂದರೆ ಏನು ಎಂದು ನಾಲ್ಕು ಮೇಜಿನಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅಂದರೆ ಯಾರಿಗೂ ಗೊತ್ತಿರಲಿಲ್ಲ. ಒಂದು ಜಾಹೀರಾತು ನೋಡಲು ಅರ್ಧ ನಿಮಿಷ ಬೇಕು. ಹತ್ತಕ್ಕೆ ಐದು ನಿಮಿಷ. ಆ ಐದು ನಿಮಿಷವನ್ನು ನಾನು ಖರ್ಚು ಮಾಡಲಿಲ್ಲ. ಹಳೆಯ ಜಾಹೀರಾತುಗಳು ಸುಲಭವಾಗಿ ಸಿಗುವುದೂ ಇಲ್ಲ, ಸಿಗುವುದು ಅವುಗಳ ಚಿತ್ರ ಮಾತ್ರ. ಹಿಂದೆ ಬೇರೆಯವರು ಮಾಡಿದ ನಾಲ್ಕೈದು ಪಟ್ಟಿಗಳನ್ನು ತೆರೆದಿಟ್ಟುಕೊಂಡು, ಎಲ್ಲದರಲ್ಲೂ ಇರುವ ಹೆಸರುಗಳನ್ನು ಹೆಕ್ಕಿಕೊಂಡೆ. ಆಮೇಲೆ ಹತ್ತು ಚಿತ್ರಗಳನ್ನು ಪರದೆಯ ಮೇಲೆ ಹರಡಿಕೊಂಡು ಯಾವುದರ ಮೇಲೆ ಮೊದಲು ಕಣ್ಣು ನಿಲ್ಲುತ್ತದೋ ಅದನ್ನು ಒಂದನೆಯದು ಮಾಡಿದೆ. ನಮ್ಮಲ್ಲಿ ಎಲ್ಲರೂ ಮಾಡುವುದು ಹಾಗೆಯೇ.

ಕಣ್ಣು ನಿಂತದ್ದು ಒಂದು ಹಳೆಯ ಸೀಲಿಂಗ್ ಫ್ಯಾನಿನ ಜಾಹೀರಾತಿನ ಮೇಲೆ. ಮಸುಕಾದ ಚಿತ್ರ. ನೆಲದ ಮೇಲೆ ಮಲಗಿದ ಹೆಂಗಸು, ಕಣ್ಣು ಮುಚ್ಚಿದೆ, ತಲೆ ಹಿಂದಕ್ಕೆ ವಾಲಿದೆ, ಸೆರಗು ಭುಜದಿಂದ ಎದ್ದು ಗಾಳಿಯಲ್ಲಿದೆ. ಚಿತ್ರದ ಕೆಳಮೂಲೆಯಲ್ಲಿ ಒಂದು ಪುಟ್ಟ ಪಾದ ಕಾಣುತ್ತಿತ್ತು. ಚಚ್ಚೌಕ ಮಾಡುವಾಗ ಅದು ಅಡ್ಡ ಬಂತು, ಕತ್ತರಿಸಿ ಬಿಸಾಕಿದೆ. ಯಾರ ಪಾದ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಕೆಳಗೆ ಬರೆದೆ: ‘ಆ ಕಾಲಕ್ಕೇ ಎಲ್ಲ ಎಲ್ಲೆ ಮೀರಿ ಮನೆಮಂದಿಯ ನಿದ್ದೆಗೆಡಿಸಿ, ಕೊನೆಗೆ ನಿಷೇಧಕ್ಕೊಳಗಾದ ಜಾಹೀರಾತು.’ ನಿಷೇಧದ ಮಾತು ಮೂರು ಪಟ್ಟಿಗಳಲ್ಲಿತ್ತು. ಮೂರು ಕಡೆ ಇದ್ದ ಮೇಲೆ ನಿಜವೇ ಇರಬೇಕು ಎಂದುಕೊಂಡು ಊಟಕ್ಕೆ ಎದ್ದೆ.

ಎರಡು ವಾರ ಕಳೆದು ಒಂದು ಭಾನುವಾರ ಮಗಳನ್ನು ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋದರೆ ಬಾಗಿಲಿಗೆ ಬೀಗ. ತಾಂಬರಂನಲ್ಲಿರುವ ಕೆಲವು ಕನ್ನಡದ ಮನೆಯವರು ಸೇರಿ ಮಾಡಿಕೊಂಡ ಕೂಟ ನಮ್ಮದು. ರೈಲ್ವೆಯವರು, ಬ್ಯಾಂಕಿನವರು, ಇನ್ಶೂರೆನ್ಸಿನವರು. ಸ್ಟೇಷನರಿ ಅಂಗಡಿಯ ಮೇಲಿನ ಒಂದು ಹಾಲಿನಲ್ಲಿ ಭಾನುವಾರ ಹತ್ತು ಗಂಟೆಗೆ ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಮಕ್ಕಳು ಅಲ್ಲಿ ಎರಡು ಗಂಟೆ ಕಷ್ಟಪಟ್ಟು ಕನ್ನಡ ಮಾತಾಡುತ್ತವೆ. ಮೆಟ್ಟಿಲ ಮೇಲೆ ನಿಂತು ನನ್ನ ಮಗಳು, “ಮಿಸ್ ವರಮಾಟ್ಟಾಂಗಳಾ?” ಎಂದಳು. ಮಿಸ್ ಬರುವುದಿಲ್ಲವಾ ಎಂದು. ನನಗೆ ಗೊತ್ತಿರಲಿಲ್ಲ. ಕೂಟದ ವಾಟ್ಸಾಪ್ ಗುಂಪನ್ನು ನಾನು ನೋಡುವುದೇ ಕಡಿಮೆ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಗುಂಪು ತೆರೆದೆ. ಮೂರು ದಿನದ ಹಿಂದೆ ಯಾರೋ ಒಂದು ಚಿತ್ರ ಹಾಕಿದ್ದರು. ನನ್ನದೇ ಪಟ್ಟಿ. ವೆಬ್‌ಸೈಟಿನ ಹೆಸರು ಕತ್ತರಿಸಿಹೋಗಿತ್ತು, ಮೊದಲ ಸ್ಥಾನದ ಚಿತ್ರವೂ ಅದರ ಕೆಳಗಿನ ನನ್ನ ಸಾಲೂ ಹಾಗೇ ಇದ್ದವು. ಮಾಧವರಂ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿ, ಪಾಪ, ಹೆಮ್ಮೆಯಿಂದಲೇ, ಇದು ನಮ್ಮ ತಾಂಬರಂ ಮಿಸ್ ಎಂದು ಅದಕ್ಕೆ ಕಮೆಂಟು ಹಾಕಿದ್ದ. ಅದರ ಕೆಳಗೆ ಕೈಮುಗಿದ ಗುರುತುಗಳು, ಬಾಯಿ ಮುಚ್ಚಿಕೊಂಡ ಕೋತಿಗಳು, ಆಮೇಲೆ ಒಂದಿಬ್ಬರು ತಾಯಂದಿರ ಉದ್ದುದ್ದ ಸಂದೇಶ. ಕೊನೆಗೆ ಅಧ್ಯಕ್ಷರದ್ದು: ‘ಸದ್ಯಕ್ಕೆ ತರಗತಿ ಬೇಡ. ಮುಂದಿನ ಭಾನುವಾರ ಸಮಿತಿ ಸೇರಿ ಮಿಸ್ ಅವರ ವಿವರಣೆ ಕೇಳಲಿದೆ.’ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ, ಹೌದು, ಮಿಸ್ಸೇ, ಕತ್ತರಿಸುವಾಗ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಮಗಳು ಫೋನಿಗೆ ಇಣುಕಿದಳು. ತಿರುಗಿಸಿ ಬ್ಯಾಗಿಗೆ ಹಾಕಿಕೊಂಡೆ.

ಮಿಸ್ ಯಾರೆಂದು ಹೇಳದೆ ಮುಂದೆ ಹೋಗಲಾರೆ. ನನಗೆ ಅ ಆ ಇ ಈ ಕಲಿಸಿದವರೇ ಅವರು. ನಮ್ಮಪ್ಪ ರೈಲ್ವೆಯಲ್ಲಿದ್ದರು, ನಾನು ಓದಿದ್ದು ತಮಿಳು ಶಾಲೆಯಲ್ಲಿ. ಮೈಸೂರಿನಿಂದ ಅಜ್ಜಿಯ ಕಾಗದ ಬಂದರೆ ಅಪ್ಪ ಓದಿ ಹೇಳಬೇಕಿತ್ತು. ಎಂಟನೇ ವಯಸ್ಸಿನಲ್ಲಿ ನನ್ನನ್ನು ಈ ಭಾನುವಾರದ ಕ್ಲಾಸಿಗೆ ಹಾಕಿದರು. ಆಗ ಮಿಸ್‌ಗೆ ಮೂವತ್ತು ದಾಟಿರಬೇಕು. ಅದಕ್ಕೆ ಮುಂಚೆ ವಡಪಳನಿಯಲ್ಲಿ ಧಾರಾವಾಹಿಗಳಿಗೆ ಕನ್ನಡದ ದನಿ ಕೊಡುತ್ತಿದ್ದರು ಎಂದು ಗೊತ್ತಿತ್ತು, ಅಷ್ಟೇ. ಉಕ್ತಲೇಖನ ತಿದ್ದುವಾಗ ಅವರದೊಂದು ಪದ್ಧತಿ. ಕೆಂಪು ಶಾಯಿ ಮುಟ್ಟುತ್ತಿರಲಿಲ್ಲ, ಹಸಿರು. ಅರ್ಧ ಮಾರ್ಕು ಕಳೆದರೂ ಪಕ್ಕದಲ್ಲಿ ಕಾರಣ ಬರೆಯಬೇಕು. ಕಾರಣ ಬರೆಯಲು ಆಗದಿದ್ದರೆ ಮಾರ್ಕು ಕಳೆಯುವಂತಿಲ್ಲ. ಮೊದಲನೆಯವರು, ಎರಡನೆಯವರು ಎಂದು ಸ್ಥಾನ ಹೇಳುತ್ತಲೇ ಇರಲಿಲ್ಲ. ಸಮಿತಿಯವರು ವಾರ್ಷಿಕೋತ್ಸವಕ್ಕೆ ಬಹುಮಾನ ಕೊಡಬೇಕು, ಯಾರು ಫಸ್ಟ್ ಎಂದು ಕೇಳಿದರೆ ಎಲ್ಲರ ಪುಸ್ತಕಗಳನ್ನೂ ಅವರ ಮುಂದೆ ಇಟ್ಟು, ನೀವೇ ಓದಿ ಹೇಳಿ ಎನ್ನುತ್ತಿದ್ದರು. ಅವರು ಓದುತ್ತಿರಲಿಲ್ಲ. ಎಲ್ಲರಿಗೂ ಒಂದೊಂದು ಪೆನ್ನು ಸಿಗುತ್ತಿತ್ತು.

ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದು. ಬಾಗಿಲು ತೆಗೆದವರು ಮಾಮೂಲಿನಂತೆ ಮೊದಲು ಮಗಳ ವಿಷಯ ಕೇಳಿದರು, ಕಾಫಿ ಕೊಟ್ಟರು. ಮೇಜಿನ ಮೇಲೆ ಆ ಪಟ್ಟಿಯ ಪ್ರಿಂಟ್ ಇತ್ತು, ಯಾರಿಂದಲೋ ಪೂರ್ತಿ ತರಿಸಿಕೊಂಡಿದ್ದರು. ಹತ್ತು ಸ್ಥಾನ, ಹತ್ತು ಚಿತ್ರ, ನಾನು ಬರೆದ ಹತ್ತು ಸಾಲು.

“ನೀನು ಇದೇ ಲೈನಲ್ಲಿದೀಯಲ್ಲ,” ಎಂದರು. “ಇದನ್ನ ಯಾರು ಬರ್ದಿದ್ದು ಅಂತ ವಿಚಾರ್ಸಿ ಹೇಳ್ತೀಯಾ? ಜಗಳ ಆಡಕ್ಕಲ್ಲ ಕಣೆ. ಮಾರ್ಕ್ ಹೆಂಗೆ ಹಾಕಿದ್ರು ಅಂತ ಕೇಳ್ಬೇಕು, ಅಷ್ಟೇ.”

ವಿಚಾರಿಸುತ್ತೇನೆ ಮಿಸ್ ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬಾಯಿಗೆ ಬಂದದ್ದಕ್ಕೆ ನನಗೇ ನನ್ನ ಮೇಲೆ ಅಸಹ್ಯವಾಯಿತು, ಆದರೂ ಕಾಫಿ ಕುಡಿದು ಮುಗಿಸಿದೆ.

ಅವರು ಆ ಜಾಹೀರಾತಿನ ಕಥೆ ಹೇಳಿದರು. ಡಬ್ಬಿಂಗ್‌ಗೆ ಹೋಗುತ್ತಿದ್ದ ಸ್ಟುಡಿಯೋದಲ್ಲೇ ಪಕ್ಕದ ಫ್ಲೋರಿನಲ್ಲಿ ಶೂಟಿಂಗ್. ಬರಬೇಕಾಗಿದ್ದ ಹುಡುಗಿ ಬರಲಿಲ್ಲ, ಇವರನ್ನು ಕರೆದರು. ಒಂದೇ ದಿನದ ಕೆಲಸ. ಅವರ ಗಂಡ ಅಲ್ಲೇ ಲೈಟಿನ ಕೆಲಸದಲ್ಲಿದ್ದರು, ಆವತ್ತು ದೀಪ ಹಿಡಿದವರೂ ಅವರೇ. ತಾವು ಬಹಳ ಮುಗ್ಧೆ ಎಂದು ತೋರಿಸಿಕೊಳ್ಳಲು ಮಿಸ್ ಒಂದು ಮಾತೂ ಆಡಲಿಲ್ಲ. ಡೈರೆಕ್ಟರು ತಲೆ ಹಿಂದಕ್ಕೆ ಹಾಕಿ ಎಂದದ್ದು ನಿಜ, ಹಾಕಿದ್ದೂ ನಿಜ, ಹಾಗೆ ಚಂದ ಕಾಣುತ್ತದೆ ಎಂದು ತಮಗೂ ಗೊತ್ತಿತ್ತು ಎಂದರು. ಆಮೇಲೆ ಬೀರುವಿನಿಂದ ಒಂದು ವಿಡಿಯೋ ಕ್ಯಾಸೆಟ್ ತೆಗೆದುಕೊಟ್ಟರು. ಗಂಡ ಹೋದ ಮೇಲೆ ಅದನ್ನು ನೋಡಿಲ್ಲ, ಹಾಕಲು ಮೆಷಿನ್ನೂ ಇಲ್ಲ. ಪೂರ್ತಿ ನೋಡಿದವರು ಒಬ್ಬರಾದರೂ ಸಮಿತಿ ಸೇರಿದಾಗ ಅಲ್ಲಿ ಇರಲಿ ಎಂದು ಅವರ ಆಸೆ. ಭಾನುವಾರದ ಕ್ಲಾಸು ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ವಾರ ಪೂರ್ತಿ ನಾನು ಅದಕ್ಕೇ ತಯಾರಿ ಮಾಡ್ಕೊಳೋದು,” ಎಂದರು. “ಅದು ಹೋದ್ರೆ ಸೋಮವಾರ ಏನಕ್ಕೆ ಏಳ್ಬೇಕು ಹೇಳು.”

ಮದುವೆ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಒಂದು ಅಂಗಡಿ ನಮ್ಮ ಕಚೇರಿಯ ಹಿಂದಿನ ಬೀದಿಯಲ್ಲಿದೆ. ಅಂಗಡಿಯಾತ ಟೇಪಿನ ಬೂಸಲು ಒರೆಸಿ, ಮಧ್ಯಾಹ್ನದೊಳಗೆ ಮಾಡಿಕೊಟ್ಟ. ಅಲ್ಲೇ ಸ್ಟೂಲಿನ ಮೇಲೆ ಕೂತು, ಮೊದಲ ಸ್ಥಾನ ಕೊಟ್ಟ ಜಾಹೀರಾತನ್ನು ಮೊದಲ ಸಲ ನೋಡಿದೆ.

ಕರೆಂಟಿಲ್ಲದ ಮನೆ. ಹೆಂಗಸು ನೆಲದ ಮೇಲೆ ಮಗುವಿಗೆ ಬೀಸಣಿಗೆ ಬೀಸುತ್ತಾ ಬೀಸುತ್ತಾ ತಾನೇ ನಿದ್ದೆ ಹೋಗುತ್ತಾಳೆ. ಕರೆಂಟು ಬರುತ್ತದೆ. ಫ್ಯಾನು ತಿರುಗುತ್ತದೆ. ತಲೆ ಹಿಂದಕ್ಕೆ ಹಾಕಿ ಒಂದು ನಿಟ್ಟುಸಿರು, ಸೆರಗು ಮೇಲೇಳುತ್ತದೆ. ಎದ್ದ ಸೆರಗನ್ನು ಹಿಡಿದು ಅವಳು ಮಗುವಿಗೆ ಹೊದಿಸುತ್ತಾಳೆ. ಮಗುವಿನ ಕಾಲು ಹೊರಗೆ ಉಳಿಯುತ್ತದೆ, ಅದನ್ನೂ ಮುಚ್ಚುತ್ತಾಳೆ. ಆಮೇಲೆ ಫ್ಯಾನಿನ ಹೆಸರು. ಮುಗಿಯಿತು.

ಟಿವಿಯ ಒಂದು ಸೆಕೆಂಡಿನಲ್ಲಿ ಇಪ್ಪತ್ತೈದು ಚಿತ್ರಗಳಿರುತ್ತವೆ. ಅರ್ಧ ನಿಮಿಷಕ್ಕೆ ಏಳುನೂರ ಐವತ್ತು. ಅದರಲ್ಲಿ ಒಂದನ್ನು ಯಾರೋ ಆರಿಸಿದ್ದರು, ಅದರಿಂದ ನಾನು ಆ ಕಾಲನ್ನು ಕತ್ತರಿಸಿದ್ದೆ. ಅಂಗಡಿಯಾತ ಇನ್ನೊಂದು ಸಲ ಹಾಕಲಾ ಎಂದು ಕೇಳಿದ. ಬೇಡ ಎಂದು ಕೈ ಅಲ್ಲಾಡಿಸಿದೆ.

ಕಚೇರಿಗೆ ಬಂದು ನಿಷೇಧದ ಬೆನ್ನು ಹತ್ತಿದೆ. ಮೂರು ಪಟ್ಟಿಗಳಲ್ಲಿ ಇತ್ತಲ್ಲ, ಯಾರು ನಿಷೇಧಿಸಿದರು, ಯಾವಾಗ, ಏಕೆ? ಮೂರನೆಯದು ಎರಡನೆಯದರಿಂದ ಎತ್ತಿದ್ದು, ಎರಡನೆಯದು ಮೊದಲನೆಯದರಿಂದ. ಮೊದಲನೆಯದು ಒಂದು ತಮಿಳು ಪಟ್ಟಿ, ನಮ್ಮದೇ ಕಚೇರಿಯದು. ತಮಿಳು ಮೇಜಿನವಳನ್ನು ಕೇಳಿದೆ. ಅವಳು ಹುಡುಕಿ ನೋಡಿ, “ಅಕ್ಕಾ, ಇದು ನಿನ್ನದರಿಂದಲೇ ತಗೊಂಡಿದ್ದು,” ಎಂದು ತಮಿಳಿನಲ್ಲಿ ಹೇಳಿದಳು. ಐದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮರೆತುಹೋದ ಹಳೆಯ ಜಾಹೀರಾತುಗಳ ಬಗ್ಗೆ ನಾನು ಒಂದು ಪಟ್ಟಿ ಮಾಡಿದ್ದೆ. ಒಂದು ಸಾಲು ಕಡಿಮೆ ಬಿದ್ದಿತ್ತು. ‘ಫ್ಯಾನಿನ ಈ ಜಾಹೀರಾತು ಬೇಗ ಮರೆಯಾಯಿತು, ಬಹುಶಃ ನಿಷೇಧವಾಗಿರಬಹುದು’ ಎಂದು ಸೇರಿಸಿದ್ದೆ. ಸೇರಿಸಿ ಮರೆತಿದ್ದೆ. ಆ ‘ಬಹುಶಃ’ ದಾರಿಯಲ್ಲಿ ಎಲ್ಲೋ ಉದುರಿಹೋಗಿ, ನನ್ನ ಊಹೆ ಮೂರು ಕೈ ದಾಟಿ ನನ್ನ ಹತ್ತಿರವೇ ಸಾಕ್ಷಿಯಾಗಿ ಬಂದಿತ್ತು. ಎದುರಿಗೆ ಕನ್ನಡಿಯಿದ್ದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುತ್ತಿದ್ದೆ.

ಸಂಪಾದಕರ ಹತ್ತಿರ ಹೋದೆ. ಕೆಟ್ಟವರಲ್ಲ, ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಪಟ್ಟಿ ಚೆನ್ನಾಗಿ ಓಡುತ್ತಿದೆ, ತೆಗೆಯಲು ಆಗುವುದಿಲ್ಲ, ಬೇಕಾದರೆ ಅವರನ್ನು ಏಳನೇ ಸ್ಥಾನಕ್ಕೆ ಇಳಿಸೋಣ ಎಂದರು. ಏಳು ಯಾಕೆ ಎಂದೆ. ಏಳರ ಹತ್ತಿರ ಬರುವಷ್ಟರಲ್ಲಿ ಓದುವವರು ಸುಸ್ತಾಗಿರುತ್ತಾರೆ ಎಂದರು. ಅವರು ಸಹಾಯ ಮಾಡಲೆಂದೇ ಹೇಳಿದ್ದು. ಅವರನ್ನು ಪಟ್ಟಿಯಿಂದ ಪೂರ್ತಿ ತೆಗೆಯದಿದ್ದರೆ ನನ್ನನ್ನೂ ಕೆಲಸದಿಂದ ತೆಗೆಯಿರಿ ಎಂದ ಮೇಲೆ, ಸರಿ ಹಾಳಾಗಿಹೋಗಲಿ ಎಂದು ಒಪ್ಪಿಕೊಂಡರು. ನಿಷೇಧದ ಮಾತು ತಪ್ಪು ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಲೂ ಬಿಟ್ಟರು. ಅಷ್ಟು ಕೆಳಗೆ ಯಾರೂ ಓದುವುದಿಲ್ಲ.

ಮಿಸ್ ಅವರನ್ನು ತೆಗೆದೆ. ಮಿಕ್ಕವರು ತಾವಾಗಿಯೇ ಒಂದೊಂದು ಮೆಟ್ಟಿಲು ಮೇಲೇರಿದರು. ಎರಡನೆಯ ಸ್ಥಾನದಲ್ಲಿದ್ದ ಸೋಪಿನ ಜಾಹೀರಾತಿನ ಹುಡುಗಿ ಈಗ ಒಂದನೆಯವಳು. ಅವಳದ್ದನ್ನೂ ನಾನು ನೋಡಿರಲಿಲ್ಲ. ಅವಳಿಗೂ ಈಗ ವಯಸ್ಸಾಗಿರಬೇಕು, ಯಾವುದೋ ಊರಿನಲ್ಲಿ ಅವಳಿಗೂ ಒಂದು ಭಾನುವಾರ ಇರಬೇಕು. ಹತ್ತನೆಯ ಜಾಗ ಖಾಲಿಯಾಯಿತು. ಅದಕ್ಕೆ ಏನು ಹಾಕಲಿ ಎಂದು ಕೂತಾಗ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ಬರುತ್ತಿದ್ದ ಒಂದು ಕ್ರೀಮಿನ ಜಾಹೀರಾತು. ಕಪ್ಪು ಹುಡುಗಿಗೆ ಕೆಲಸ ಸಿಗುವುದಿಲ್ಲ, ಬಿಳಿಯಾದ ಮೇಲೆ ಸಿಗುತ್ತದೆ. ಅದು ಬಂದಾಗಲೆಲ್ಲ ಅಮ್ಮ ನನ್ನ ಕಡೆ ನೋಡಿ, ನೋಡದವಳಂತೆ ಅಡಿಗೆಮನೆಗೆ ಹೋಗುತ್ತಿದ್ದಳು. ನನ್ನನ್ನು ಕೆರಳಿಸಿದ ಜಾಹೀರಾತು ಎಂದರೆ ಅದೊಂದೇ. ಅದು ಯಾವ ಪಟ್ಟಿಯಲ್ಲೂ ಇಲ್ಲ. ಅದರಲ್ಲಿ ಎಲ್ಲರ ಸೆರಗೂ ಪಿನ್ ಹಾಕಿಕೊಂಡು ಭದ್ರವಾಗಿದೆ. ಹತ್ತನೆಯ ಜಾಗವನ್ನು ಖಾಲಿ ಬಿಟ್ಟು ಎದ್ದೆ. ಮರುದಿನ ನೋಡಿದರೆ ಯಾರೋ ಒಂದು ಚಾಕಲೇಟಿನ ಜಾಹೀರಾತನ್ನು ತುಂಬಿಸಿದ್ದರು.

ಭಾನುವಾರ ಸಮಿತಿ ಸೇರಿತು. ಅಧ್ಯಕ್ಷರು ಇನ್ಶೂರೆನ್ಸಿನಲ್ಲಿದ್ದು ನಿವೃತ್ತರಾದವರು, ಜೊತೆಗೆ ನಾಲ್ವರು ಸದಸ್ಯರು. ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ಮಿಸ್ ಗೋಡೆಯ ಪಕ್ಕ, ಕೈಚೀಲ ತೊಡೆಯ ಮೇಲಿಟ್ಟುಕೊಂಡು. ವಾರವಿಡೀ ಅವರಿಗೊಬ್ಬರಿಗೇ ಹೇಳಿಬಿಡಬೇಕು ಎಂದುಕೊಂಡು, ಎರಡು ಸಲ ಅವರ ಬೀದಿಯ ತನಕ ಹೋಗಿ ವಾಪಸು ಬಂದಿದ್ದೆ. ಒಬ್ಬರೆದುರು ಹೇಳಲಾರದ್ದನ್ನು ಆರು ಜನರೆದುರು ಹೇಳುವುದು ಸುಲಭ ಎಂಬುದು ಎಂಥ ಹೇಡಿತನ ಎಂದು ಅಲ್ಲಿ ಗೊತ್ತಾಯಿತು.

ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ಎದ್ದು ನಿಂತೆ. ಪಟ್ಟಿ ಬರೆದವಳು ನಾನು ಎಂದೆ. ಜಾಹೀರಾತು ನೋಡದೆ ಬರೆದೆ, ಮಗುವಿನ ಕಾಲು ಕತ್ತರಿಸಿದೆ, ನಿಷೇಧ ನಾನೇ ಹುಟ್ಟಿಸಿದ ಸುಳ್ಳು ಎಂದೆ. ಮಿಸ್ ಕಡೆ ನೋಡಲಿಲ್ಲ. ಫೋನಿನಲ್ಲಿ ಜಾಹೀರಾತು ಹಾಕಿ ಅಧ್ಯಕ್ಷರ ಕೈಗೆ ಕೊಟ್ಟೆ.

ಐದು ತಲೆಗಳು ಒಂದು ಫೋನಿಗೆ ಬಗ್ಗಿದವು. ಒಂದು ಸಲ ನೋಡಿದರು. ಇನ್ನೊಂದು ಸಲ. ಮೂರನೆಯ ಸಲ ಅಧ್ಯಕ್ಷರು ಸೆರಗು ಏಳುವ ಕಡೆ ಬೆರಳಿಟ್ಟು ನಿಲ್ಲಿಸಿದರು. ಇದೇ ಆ ಚಿತ್ರ ಎಂದರು. ಆಮೇಲೆ ಚರ್ಚೆ ಶುರುವಾಯಿತು. ಈಗಿನದ್ದಕ್ಕೆ ಹೋಲಿಸಿದರೆ ಏನೂ ಇಲ್ಲ ಎಂದು ಒಬ್ಬರು, ಆ ಕಾಲಕ್ಕೆ ಜಾಸ್ತಿಯೇ ಎಂದು ಇನ್ನೊಬ್ಬರು, ಹತ್ತಕ್ಕೆ ಮೂರು ಕೊಡಬಹುದು ಎಂದು ಮತ್ತೊಬ್ಬರು. ಬ್ಯಾಂಕಿನವರು ನಾಲ್ಕೂವರೆ ಎಂದರು. ಮಿಸ್ ಅಲ್ಲೇ ಕೂತಿದ್ದರು. ನಾನು ಹೇಳಿದ್ದಕ್ಕೆ ನನ್ನನ್ನು ಬೈದರೂ ಸಮಾಧಾನವಿರುತ್ತಿತ್ತು. ಒಬ್ಬರೂ ಬೈಯಲಿಲ್ಲ.

ಕೊನೆಗೆ ಅಧ್ಯಕ್ಷರು ಫೋನು ವಾಪಸು ಕೊಟ್ಟು, “ನಿಷೇಧ ಆಗಿರ್ಲಿಲ್ಲ ಅಂತಾಯ್ತು, ಸಂತೋಷ ಅಮ್ಮ. ಆದ್ರೂ ಪೇರೆಂಟ್ಸ್ ಮನಸ್ಸಲ್ಲಿ ಒಂದು ಸಲ ಬಂದ್ಬಿಡ್ತಲ್ಲ. ಪರೀಕ್ಷೆ ಎಲ್ಲ ಮುಗೀಲಿ, ಆಮೇಲೆ ನೋಡೋಣ,” ಎಂದರು. ಯಾವ ಪರೀಕ್ಷೆ ಎಂದು ಹೇಳಲಿಲ್ಲ. ಶಾಲೆಗಳು ತೆರೆದು ಇನ್ನೂ ತಿಂಗಳಾಗಿರಲಿಲ್ಲ.

ಮಿಸ್ ಎದ್ದು, ಕರಿಹಲಗೆಯ ಕೆಳಗಿದ್ದ ತಮ್ಮ ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು, ಎಲ್ಲರಿಗೂ ನಮಸ್ಕಾರ ಮಾಡಿ ಹೊರಟರು. ಹಿಂದೆಯೇ ಮೆಟ್ಟಿಲಿಳಿದೆ. ಸ್ಟೇಷನರಿ ಅಂಗಡಿಯ ಮುಂದೆ ನಿಂತರು. ತಪ್ಪಾಯಿತು ಮಿಸ್ ಎಂದೆ, ಮನೆಯಲ್ಲೇ ಕ್ಲಾಸು ಮಾಡಿ, ನನ್ನ ಮಗಳನ್ನು ಕಳಿಸುತ್ತೇನೆ ಎಂದೆ, ಇನ್ನೂ ಏನೇನೋ ಅಂದೆ. ಅವರು ಕೈಚೀಲದಿಂದ ಆ ಪ್ರಿಂಟ್ ತೆಗೆದರು. ಬರೆದವರು ಸಿಕ್ಕರೆ ಕೊಡೋಣ ಎಂದು ವಾರದ ಹಿಂದೆಯೇ ತಿದ್ದಿಟ್ಟಿದ್ದರಂತೆ. ಹತ್ತು ಸ್ಥಾನಗಳ ಪಕ್ಕದಲ್ಲೂ ಹಸಿರು ಶಾಯಿಯಲ್ಲಿ ‘ಕಾರಣ?’ ಎಂದು ಬರೆದು, ಉತ್ತರಕ್ಕೆ ಒಂದೊಂದು ಗೆರೆ ಎಳೆದಿದ್ದರು. ನಿಷೇಧದ ಮುಂದೆ ‘ಎಲ್ಲಿ ನೋಡಿದ್ದು?’. ಮಾರ್ಕು ಕಳೆದಿರಲಿಲ್ಲ.

ಕಾಗದವನ್ನು ನನ್ನ ಕೈಯಲ್ಲಿಟ್ಟು ಅವರು ಬೈಯಬಹುದು ಎಂದು ಕಾದೆ. ಅವರು ನಾನು ಬರೆದ ಸಾಲುಗಳ ಮೇಲೆ ಬೆರಳಾಡಿಸುತ್ತಿದ್ದರು, ಚಿಕ್ಕಂದಿನಲ್ಲಿ ನನ್ನ ಪುಸ್ತಕದ ಮೇಲೆ ಆಡಿಸುತ್ತಿದ್ದ ಹಾಗೆಯೇ.

“ಕನ್ನಡದಲ್ಲಿ ಒಂದು ತಪ್ಪೂ ಇಲ್ಲ ಇದ್ರಲ್ಲಿ,” ಎಂದರು. “ಬರ್ದೋರು ಯಾರೇ ಇರ್ಲಿ, ಚಿಕ್ಕಂದಿನಲ್ಲಿ ಯಾರೋ ಚೆನ್ನಾಗಿ ಕಲ್ಸಿದಾರೆ ಅಂದ್ಕೊಂಡಿದ್ದೆ.”